ಗುಬ್ಬಿಯ ಸೀಮೆಯಲ್ಲಿ ಪಾತ್ರದ ಪಂಚಾಯಿತಿ

ಬೆಂಗಳೂರಿನಿಂದ ಅರಸೀಕೆರೆಯತ್ತ ಹೊರಟ ರೈಲು ತುಮಕೂರನ್ನು ಬಿಟ್ಟ ಮೇಲೆ ತೆಂಗು ಅಡಕೆಗಳ ತೋಟಗಳ ನಡುವೆ ಸಾಗಿ ಒಂದು ಸಣ್ಣ ನಿಲ್ದಾಣವನ್ನು ಮುಟ್ಟುತ್ತದೆ. ಫಲಕದ ಮೇಲೆ ಎರಡೇ ಅಕ್ಷರಗಳ ಹೆಸರು: ಗುಬ್ಬಿ. ತುಮಕೂರಿನಿಂದ ಇಲ್ಲಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಹಿಂದೆ ಅಡಕೆ, ಕೊಬ್ಬರಿ, ಬಟ್ಟೆಗಳ ವ್ಯಾಪಾರಕ್ಕೆ ಹೆಸರಾಗಿದ್ದ ಪೇಟೆಯಿದು. ಹದಿನಾರನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’ವನ್ನು ಬರೆದ ಕವಿ ಗುಬ್ಬಿಯ ಮಲ್ಲಣಾರ್ಯನ ಹೆಸರಿನೊಡನೆ ಈ ಊರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೂ ಸೇರಿದೆ. ಆದರೆ ಕನ್ನಡ ನಾಡಿನ ಯಾವ ಮೂಲೆಯಲ್ಲಾದರೂ ಹಿರಿಯರೊಬ್ಬರ ಮುಂದೆ ‘ಗುಬ್ಬಿ’ ಎಂದರೆ ಅವರ ನೆನಪಿಗೆ ಬರುವುದು ಪೇಟೆಯೂ ಅಲ್ಲ, ಪುರಾಣವೂ ಅಲ್ಲ. ಅವರ ಬಾಯಿಂದ ತಾನಾಗಿ ಹೊರಡುವ ಮುಂದಿನ ಮಾತು ‘ಕಂಪನಿ’ ಎಂದೇ.

ಊರ ದೇವರು ಗೋಸಲ ಚನ್ನಬಸವೇಶ್ವರ. ಆ ದೇವರ ಹೆಸರನ್ನು ಹೊತ್ತು 1884ರಲ್ಲಿ ಇಲ್ಲಿಯ ಕೆಲವರು ಕಲಾಸಕ್ತರು ಕೂಡಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ‘ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ’ ಎಂಬುದು ಅದರ ಪೂರ್ಣನಾಮ. ಜನರ ಬಾಯಲ್ಲಿ ಅದು ‘ಗುಬ್ಬಿ ಕಂಪನಿ’ಯಾಗಿ ಉಳಿಯಿತು. 1891ರಲ್ಲಿ ಹುಟ್ಟಿದ ವೀರಣ್ಣನವರು ಇನ್ನೂ ಬಾಲಕರಾಗಿದ್ದಾಗಲೇ ಇದರೊಳಗೆ ಸೇರಿ, ಬಣ್ಣ ಹಚ್ಚಿ, ಬೆಳೆದು, 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಅಲ್ಲಿಂದ ಮುಂದಿನ ಅರ್ಧ ಶತಮಾನದ ಕಥೆಯನ್ನು ಬಲ್ಲವರು ಅನೇಕರು. ಆನೆ ಕುದುರೆಗಳನ್ನು ರಂಗದ ಮೇಲೆ ತಂದ ಕಥೆಯನ್ನು ಇಂದಿಗೂ ಹೇಳುವವರಿದ್ದಾರೆ. ಅಷ್ಟಾಗಿ ಹೇಳದೆ ಉಳಿದಿರುವ ಕಥೆ ಮತ್ತೊಂದಿದೆ. ಯಾವ ನಟನಿಗೆ ಯಾವ ಪಾತ್ರ, ಯಾರು ಬಂದರು, ಯಾರು ಬಿಟ್ಟುಹೋದರು ಎಂಬ ಪಂಚಾಯಿತಿಯ ಕಥೆ ಅದು. ಆ ಪಂಚಾಯಿತಿ ಈ ಸೀಮೆಯಲ್ಲಿ ಇನ್ನೂ ಮುಗಿದಿಲ್ಲ.

ಚಲಿಸುವ ಊರು

ನಾಟಕ ಕಂಪನಿಯೆಂದರೆ ಅದೊಂದು ಚಲಿಸುವ ಊರು. ನಟರು, ಹಾರ್ಮೋನಿಯಂ ತಬಲದವರು, ಪರದೆ ಬರೆಯುವ ಚಿತ್ರಗಾರರು, ದರ್ಜಿಗಳು, ಬಡಗಿಗಳು, ಅಡಿಗೆಯವರು, ಅವರ ಹೆಂಡಿರು ಮಕ್ಕಳು, ಎಲ್ಲರೂ ಒಂದು ಮೊಕ್ಕಾಮಿನಿಂದ ಇನ್ನೊಂದಕ್ಕೆ ಪೆಟ್ಟಿಗೆ ಗಂಟುಗಳೊಡನೆ ಹೊರಡುವರು. ಜಾತ್ರೆಯ ಕಾಲವನ್ನು ನೋಡಿ, ಮಳೆಯನ್ನು ನೋಡಿ, ಬೆಳೆ ಕೈಗೆ ಬಂದಿದೆಯೇ ಎಂಬುದನ್ನು ನೋಡಿ ಒಡೆಯನು ಊರನ್ನು ಆರಿಸಬೇಕು. ಚಪ್ಪರ ಎದ್ದು, ಕರಪತ್ರ ಹಂಚಿ, ನೆಲ, ಬೆಂಚು, ಕುರ್ಚಿ ಎಂದು ಟಿಕೆಟ್ಟಿನ ದರ ಗೊತ್ತಾದರೆ ಊರಿನಲ್ಲಿ ಹಬ್ಬ.

ಕಂಪನಿಯ ನಟವರ್ಗದಲ್ಲಿ ಒಬ್ಬೊಬ್ಬರಿಗೂ ಒಂದೊಂದು ನೆಲೆಯಿದ್ದಿತು. ರಾಜಾಪಾರ್ಟಿನವನು ಎತ್ತರದ ಶ್ರುತಿಯಲ್ಲಿ ಹಾಡಬಲ್ಲವನಾಗಿರಬೇಕು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನೆಲದ ಮೇಲೆ ಕುಳಿತ ಕೊನೆಯ ಪ್ರೇಕ್ಷಕನಿಗೂ ಅವನ ಮಾತು ಮುಟ್ಟಬೇಕಷ್ಟೆ. ಕಂಸ, ರಾವಣ, ಹಿರಣ್ಯಕಶಿಪುಗಳಿಗೆ ಮೈಕಟ್ಟೂ ಗಂಟಲೂ ಸಮನಾಗಿ ಬೇಕು. ಸ್ತ್ರೀಪಾರ್ಟನ್ನು ಬಹುಕಾಲ ಗಂಡಸರೇ ವಹಿಸುತ್ತಿದ್ದರು. ಹಾಸ್ಯಪಾರ್ಟಿನವನು ಕಥೆ ಬಿಗಿಯಾದಲ್ಲಿ ಜನರನ್ನು ಹಗುರಗೊಳಿಸಬೇಕು. ಬಾಲಪಾರ್ಟಿನ ಹುಡುಗನು ಲೋಹಿತಾಶ್ವನೋ ಪ್ರಹ್ಲಾದನೋ ಆಗಿ ಅಳಿಸಬೇಕು. ಇವುಗಳಲ್ಲಿ ಒಂದು ನೆಲೆ ತೆರವಾದರೂ ಆಟ ಕುಂಟುತ್ತದೆ.

ಇಂಥ ನಟನನ್ನು ಕಂಡು ಕಂಪನಿ ಕಂಪನಿಗಳ ನಡುವೆ ಪೈಪೋಟಿ ಹುಟ್ಟುವುದು ಸಹಜವೇ. ಮೈಸೂರಿನಲ್ಲಿ ವರದಾಚಾರ್ಯರ ರತ್ನಾವಳಿ ಕಂಪನಿ ಮೆರೆದಿತ್ತು. ಮುಂದೆ ಮಹಮದ್ ಪೀರ್ ಅವರ ಚಂದ್ರಕಲಾ ಮಂಡಳಿ, ಸುಬ್ಬಯ್ಯನಾಯ್ಡು ಮತ್ತು ನಾಗೇಂದ್ರರಾಯರ ಸಾಹಿತ್ಯ ಸಾಮ್ರಾಜ್ಯ ಮಂಡಳಿ, ಹಿರಣ್ಣಯ್ಯನವರ ಮಿತ್ರಮಂಡಳಿ ಹೀಗೆ ಒಂದರ ಹಿಂದೊಂದು ತಲೆಯೆತ್ತಿದವು. ಹೆಚ್ಚಿನ ಸಂಬಳ, ಕೈತುಂಬ ಮುಂಗಡ, ಬಯಸಿದ ಪಾತ್ರ ಇವುಗಳ ಆಸೆ ತೋರಿಸಿ ನಟನನ್ನು ಸೆಳೆಯುವುದು ವೃತ್ತಿರಂಗಭೂಮಿಯ ದಿನಬಳಕೆಯ ವ್ಯವಹಾರವಾಗಿದ್ದಿತು.

ಪ್ರೇಕ್ಷಕನಾದರೂ ಸುಮ್ಮನಿರುವವನೇ? ರಾತ್ರಿ ಆಟವನ್ನು ನೋಡಿದವನು ಬೆಳಗ್ಗೆ ಕ್ಷೌರದಂಗಡಿಯಲ್ಲಿ, ಕಾಫಿ ಹೋಟೆಲಿನಲ್ಲಿ, ಸಂತೆಯ ದಾರಿಯ ಗಾಡಿಯಲ್ಲಿ ತೀರ್ಪು ಕೊಡಲು ಸಿದ್ಧನಾಗಿರುತ್ತಿದ್ದ. ಹೊಸ ಹರಿಶ್ಚಂದ್ರನು ಹಳೆಯವನಿಗೆ ಸಮನೇ? ಬಿಟ್ಟುಹೋದವನನ್ನು ಒಡೆಯನು ತಡೆಯಬೇಕಾಗಿತ್ತೇ? ಎಳೆಯ ಹುಡುಗನ ಹೆಗಲಿಗೆ ಇಷ್ಟು ಬೇಗನೆ ಅರ್ಜುನನ ಬಿಲ್ಲನ್ನು ಏರಿಸಬಹುದೇ? ಇಂದಿನ ತರುಣರಿಗೆ ಇದು ಅಪರಿಚಿತವಾದ ಜಗಳವಲ್ಲ. 2008ರಲ್ಲಿ ಐ.ಪಿ.ಎಲ್. ಆರಂಭವಾದಂದಿನಿಂದ ಆಟಗಾರರ ಹರಾಜಿನ ದಿನ ಹಳ್ಳಿಯ ಕಟ್ಟೆಗಳ ಮೇಲೂ ಇದೇ ಚರ್ಚೆ ನಡೆಯುತ್ತದೆ. ಅಮೆರಿಕದಲ್ಲಿ ಬೇಸ್‌ಬಾಲ್ ತಂಡಗಳು ಸೋತು ಸೊರಗಿದಾಗ ಹೆಸರಾದ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಎಳೆಯರನ್ನು ತಂದುಕೊಂಡು ತಂಡವನ್ನು ಹೊಸದಾಗಿ ಕಟ್ಟುವ ವಾಡಿಕೆಯಿದೆ. ಅಲ್ಲಿಯ ಅಭಿಮಾನಿಗಳು ವರ್ಷಗಟ್ಟಲೆ ವಾದಿಸುವುದೂ ಇದನ್ನೇ: ಕೊಟ್ಟದ್ದು ಹೆಚ್ಚೋ, ಪಡೆದದ್ದು ಹೆಚ್ಚೋ? ಬಂದವನನ್ನು ಯಾವ ಸ್ಥಾನದಲ್ಲಿ ನಿಲ್ಲಿಸಬೇಕು? ಗುಬ್ಬಿಯ ಕಟ್ಟೆಯ ಮೇಲಿನ ಮಾತಿಗೂ ಈ ಮಾತಿಗೂ ವೇಷವಷ್ಟೇ ಬೇರೆ.

ಒಡೆಯನು ಕಳ್ಳನಾದ ಬಗೆ

ಕಂಪನಿಯ ಒಡೆಯನಾದವನಿಗೆ ತನಗೆ ಬೇಕಾದ ಪಾತ್ರವನ್ನು ಆರಿಸಿಕೊಳ್ಳುವ ಅಧಿಕಾರ ಇದ್ದೇ ಇರುತ್ತದೆ. ಕಿರೀಟವನ್ನು ಬೇರೆಯವರ ತಲೆಗೆ ಇಟ್ಟು ತಾನು ಪಕ್ಕಕ್ಕೆ ನಿಲ್ಲುವುದು ಸುಲಭವಲ್ಲ. ವೀರಣ್ಣನವರು ಹೆಸರಾದುದು ಹಾಸ್ಯದಲ್ಲಿ. ‘ಸದಾರಮೆ’ ನಾಟಕದಲ್ಲಿ ಅವರು ವಹಿಸುತ್ತಿದ್ದ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದನ್ನಿತ್ತರು. ತನ್ನ ಬಲ ಎಲ್ಲಿದೆಯೆಂಬುದನ್ನು ಮೊದಲು ಅರಿತ ಒಡೆಯನೇ ಇತರರ ಬಲವನ್ನು ಗುರುತಿಸಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ‘ಸದಾರಮೆ’ಯನ್ನು ರಚಿಸಿದ ಬೆಳ್ಳಾವೆ ನರಹರಿಶಾಸ್ತ್ರಿಗಳೂ ಈ ಸೀಮೆಯವರೇ. ಬೆಳ್ಳಾವೆ ತುಮಕೂರು ತಾಲ್ಲೂಕಿನ ಊರು. ಕಂಪನಿಯ ಕವಿಗೆ ನಾಟಕವೆಂದರೆ ಏಕಾಂತದ ಕಾವ್ಯವಾಗಿರಲಿಲ್ಲ. ಎದುರಿಗಿರುವ ನಟನ ಕಂಠ ಎಷ್ಟು ಏರುತ್ತದೆ, ಯಾವ ರಾಗ ಅವನಿಗೆ ಒಗ್ಗುತ್ತದೆ, ಯಾವ ಮಾತನ್ನು ಅವನು ಹೇಳಿದರೆ ಜನ ನಗುತ್ತಾರೆ ಎಂಬುದನ್ನೆಲ್ಲ ನೋಡಿ ಅವನು ಪದ್ಯವನ್ನು ಹೊಂದಿಸಬೇಕಾಗಿದ್ದಿತು. ನಟ ಬಿಟ್ಟುಹೋದರೆ ಪದ್ಯವೂ ಅನಾಥ.

ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಒಪ್ಪಿಸುವ ಕಾಲ ಬಂದಾಗ ಪಂಚಾಯಿತಿ ಇನ್ನಷ್ಟು ಕಾವೇರಿತು. ಈ ಹೆಜ್ಜೆಯನ್ನು ಧೈರ್ಯವಾಗಿ ಇಟ್ಟವರ ಸಾಲಿನಲ್ಲಿ ಗುಬ್ಬಿ ಕಂಪನಿ ಮುಂದೆ ನಿಲ್ಲುತ್ತದೆ. ಬಿ. ಜಯಮ್ಮನವರಂಥ ನಟಿಯರು ರಂಗವನ್ನೇರಿದ ಮೇಲೆ ಗಂಡಸು ಸೀರೆಯುಟ್ಟು ನಿಲ್ಲುವುದನ್ನು ಜನರ ಕಣ್ಣು ಒಪ್ಪದಾಯಿತು. ವರ್ಷಗಟ್ಟಲೆ ಹೆಣ್ಣಿನ ನಡಿಗೆಯನ್ನೂ ದನಿಯನ್ನೂ ಸಾಧಿಸಿಕೊಂಡಿದ್ದ ನಟರ ಕಲೆಗೆ ಬೆಲೆ ತಗ್ಗಿತು. ಹೆಣ್ಣಿಗೆ ರಂಗದಲ್ಲಿ ನ್ಯಾಯ ದೊರಕಿದ ಹೊತ್ತಿನಲ್ಲಿಯೇ ಕೆಲವರ ಅನ್ನ ಕಳೆಯಿತು. ಕಂಪನಿಯನ್ನು ಹೊಸದಾಗಿ ಕಟ್ಟುವುದೆಂದರೆ ಇಂಥ ನೋವನ್ನೂ ಹೊರುವುದೇ.

1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ ರಂಗಕ್ಕೆ ಬಂದಿತು. ಆನೆ, ಕುದುರೆ, ರಥಗಳ ವೈಭವವನ್ನು ಕಂಡು ನಾಡು ಬೆರಗಾಯಿತು. ಆದರೆ ಅದೇ ವರ್ಷ ‘ಸತಿ ಸುಲೋಚನ’ ಎಂಬ ಮೊದಲ ಕನ್ನಡ ಮಾತಿನ ಚಿತ್ರವೂ ತೆರೆಗೆ ಬಂದಿತೆಂಬುದನ್ನು ಮರೆಯುವಂತಿಲ್ಲ. ಅದರಲ್ಲಿ ಇಂದ್ರಜಿತುವಾದವರು ಸುಬ್ಬಯ್ಯನಾಯ್ಡು, ರಾವಣನಾದವರು ನಾಗೇಂದ್ರರಾಯರು. ನಾಟಕ ಕಂಪನಿಗಳ ನಟರನ್ನು ಸೆಳೆಯಬಲ್ಲ ಅತಿ ದೊಡ್ಡ ಕಂಪನಿ ಹೀಗೆ ಹುಟ್ಟಿತ್ತು. ಅದಕ್ಕೆ ಚಪ್ಪರವೂ ಬೇಡ, ಮೊಕ್ಕಾಮೂ ಬೇಡ.

ಹೋದವರ ಲೆಕ್ಕ

ಗುಬ್ಬಿ ಕಂಪನಿಯನ್ನು ಬಿಟ್ಟುಹೋದವರ ಪಟ್ಟಿಯನ್ನು ಬರೆದರೆ ಅದೇ ಕನ್ನಡ ರಂಗಭೂಮಿ ಮತ್ತು ಚಿತ್ರರಂಗಗಳ ಚರಿತ್ರೆಯ ಒಂದು ಅಧ್ಯಾಯವಾಗುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇಲ್ಲಿ ಕಂಪನಿಯ ನಟರಾಗಿದ್ದರು. ಅವರ ಮಗ ಮುತ್ತುರಾಜ ಬಾಲಕನಾಗಿ ಇದೇ ಕಂಪನಿಯಲ್ಲಿ ಬಣ್ಣ ಹಚ್ಚಿದ. ಮುಂದೆ ಸುಬ್ಬಯ್ಯನಾಯ್ಡು ಅವರ ಕಂಪನಿಯಲ್ಲಿಯೂ ಪಾತ್ರ ವಹಿಸಿದ. ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆಯ ‘ಬೇಡರ ಕಣ್ಣಪ್ಪ’ ಚಿತ್ರ 1954ರಲ್ಲಿ ತೆರೆಕಂಡಾಗ ಅದರ ನಾಯಕ ಈ ಮುತ್ತುರಾಜನೇ. ಹೆಸರು ಮಾತ್ರ ರಾಜಕುಮಾರ್ ಎಂದಾಗಿತ್ತು. ಚಿತ್ರವನ್ನು ನಿರ್ದೇಶಿಸಿದ ಎಚ್.ಎಲ್.ಎನ್. ಸಿಂಹ ಅವರೂ ರಂಗಭೂಮಿಯಿಂದ ಬಂದವರು. ಅದೇ ಚಿತ್ರದಲ್ಲಿ ನಟಿಸಿದ ಜಿ.ವಿ. ಅಯ್ಯರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಅವರು 1983ರಲ್ಲಿ ‘ಆದಿ ಶಂಕರಾಚಾರ್ಯ’ವನ್ನು ತೆಗೆದು ಸಂಸ್ಕೃತಕ್ಕೆ ಮೊದಲ ಚಲನಚಿತ್ರವನ್ನು ಕೊಟ್ಟರು. ತಿಪಟೂರಿನ ನರಸಿಂಹರಾಜು, ಬಾಲ್ಯದಿಂದ ನಾಟಕ ಕಂಪನಿಗಳ ಅನ್ನ ಉಂಡವರು, ಅದೇ ‘ಕಣ್ಣಪ್ಪ’ನ ಮೂಲಕ ಹಾಸ್ಯನಟರಾಗಿ ತೆರೆಗೆ ಬಂದರು.

ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಬಂದು ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತರ ಕಥೆ ಇವೆಲ್ಲಕ್ಕಿಂತ ಭಿನ್ನವಾದದ್ದು. ಅವನನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ಕೈಗೆ ಬಂದ ನಟನನ್ನು ಒಡೆಯನು ತಾನಾಗಿ ಹೊರಗೆ ಕಳುಹಿಸಿದನೆಂದರೆ ಅಂದಿನ ಕಟ್ಟೆಯ ಪಂಚಾಯಿತಿದಾರರು ಏನೆಂದಿದ್ದಾರು? ಲೆಕ್ಕ ಬಾರದ ವ್ಯಾಪಾರ ಎಂದೇ ಅಂದಿರಬೇಕು. ಆದರೆ ಅದೇ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದ. ಕಂಪನಿಯ ರಂಗಸಂಗೀತದ ಜೀವವನ್ನು ಹೊಸ ನಾಟಕಗಳಿಗೆ ಊಡಿದ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡವನ್ನು ಸ್ಥಾಪಿಸಿ ಅದೇ ಹಾಡುಗಾರಿಕೆಯನ್ನು ಇನ್ನೊಂದು ತಲೆಮಾರಿಗೆ ಮುಟ್ಟಿಸಿದರು. ವೀರಣ್ಣನವರು 1972ರಲ್ಲಿ, ಪದ್ಮಶ್ರೀ ಪ್ರಶಸ್ತಿ ಬಂದ ವರ್ಷವೇ, ಕಾಲವಾದರು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ತೋರಿದ ಎಷ್ಟೋ ಬಾಬುಗಳು ನಾಡಿನ ಲೆಕ್ಕದಲ್ಲಿ ಆದಾಯವಾಗಿ ಬಂದಿವೆ.

ತುಮಕೂರಿನ ರಾತ್ರಿಗಳು

ಗುಬ್ಬಿಯಿಂದ ತುಮಕೂರಿಗೆ ಹಿಂದಿರುಗಿದರೆ ವೀರಣ್ಣನವರ ಹೆಸರು ಮತ್ತೆ ಎದುರಾಗುತ್ತದೆ. ಜಿಲ್ಲಾಕೇಂದ್ರವಾದ ಈ ನಗರದ ರಂಗಮಂದಿರಕ್ಕೆ ಗುಬ್ಬಿ ವೀರಣ್ಣ ಕಲಾಕ್ಷೇತ್ರವೆಂದೇ ಹೆಸರು. ಹೊಸ ಬಗೆಯ ನಾಟಕಗಳು, ಸಭೆ ಸಮಾರಂಭಗಳು ಇಲ್ಲಿ ನಡೆಯುವಂತೆಯೇ ಸುತ್ತಣ ಹಳ್ಳಿಗಳ ಹವ್ಯಾಸಿ ಮಂಡಳಿಗಳು ಆಡುವ ಪೌರಾಣಿಕ ನಾಟಕಗಳೂ ನಡೆಯುತ್ತವೆ. ಹಗಲು ಗಿಡಕ್ಕೆ ನೀರು ಕಟ್ಟಿದವನು, ಬಸ್ಸಿನಲ್ಲಿ ಚೀಟಿ ಹರಿದವನು, ಶಾಲೆಯಲ್ಲಿ ಮಗ್ಗಿ ಹೇಳಿಸಿದವನು ರಾತ್ರಿ ಭುಜಕೀರ್ತಿ ಕಟ್ಟಿಕೊಂಡು ಕೌರವೇಶ್ವರನಾಗುತ್ತಾನೆ.

ಈ ನಾಟಕಗಳ ಬೆನ್ನ ಹಿಂದೆ ಒಂದು ಪುಟ್ಟ ಉದ್ಯಮವೇ ಇದೆ. ಪರದೆ ಸೀನರಿಗಳನ್ನು ಬಾಡಿಗೆಗೆ ಕೊಡುವವರು, ಕಿರೀಟ ಗದೆಗಳ ಪೆಟ್ಟಿಗೆಯವರು, ಬಣ್ಣ ಹಚ್ಚುವವರು, ಕಾಲುಪೆಟ್ಟಿಗೆ ಹಾರ್ಮೋನಿಯಂ ನುಡಿಸುತ್ತ ಹಾಡು ಕಲಿಸುವ ‘ನಾಟಕದ ಮೇಷ್ಟ್ರು’, ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಕೂಲಿಯ ಮೇಲೆ ಬರುವ ನಟಿಯರು, ಎಲ್ಲರೂ ಅದರಲ್ಲಿ ಸೇರಿದವರು. ಈ ನಟಿಯರ ಸಾಮರ್ಥ್ಯಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಒಂದು ರಾತ್ರಿ ಒಂದೂರು, ಮರುರಾತ್ರಿ ಇನ್ನೊಂದೂರು. ಎದುರಿಗೆ ನಿಲ್ಲುವ ದುಶ್ಶಾಸನನನ್ನು ಹಿಂದೆಂದೂ ಕಂಡಿರುವುದಿಲ್ಲ; ಕೂಡಿ ಅಭ್ಯಾಸ ಮಾಡಿರುವುದಿಲ್ಲ. ಹೊಸ ನಟನು ಪದ್ಯವನ್ನು ಮರೆತು ತಡವರಿಸಿದರೆ ತಾವೇ ಎತ್ತಿಕೊಟ್ಟು ಆಟವನ್ನು ದಡ ಮುಟ್ಟಿಸುವರು. ಕಂಪನಿಗಳು ಕಣ್ಮರೆಯಾದ ಮೇಲೆ ಈ ಸೀಮೆಯಲ್ಲಿ ಕಂಪನಿಯ ಕಸುಬನ್ನು ಕೊರಳಲ್ಲಿ ಉಳಿಸಿಕೊಂಡವರು ಬಹುಮಟ್ಟಿಗೆ ಇವರೇ. ಆದರೂ ಕರಪತ್ರದಲ್ಲಿ ಊರ ಕೌರವನ ಭಾವಚಿತ್ರ ದೊಡ್ಡದಾಗಿಯೂ ಇವರ ಹೆಸರು ಕೊನೆಯ ಸಾಲಿನಲ್ಲಿಯೂ ಬರುವುದೇ ಹೆಚ್ಚು.

ಕುಣಿಗಲಿನ ಕಟ್ಟೆಯ ಮೇಲೆ

ತುಮಕೂರಿನಿಂದ ತೆಂಕಣಕ್ಕೆ ಸಾಗಿದರೆ ಕುಣಿಗಲು. ಜನಪದ ಗೀತೆಯಲ್ಲಿ ಹಾಡಿಸಿಕೊಂಡ ದೊಡ್ಡಕೆರೆ ಅಲ್ಲಿದೆ. ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕಾಗಿ ಕುದುರೆಗಳನ್ನು ಬೆಳೆಸಿದ, ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾದ ಕುದುರೆ ಫಾರಂ ಇರುವ ಊರೂ ಇದೇ. ಪಂದ್ಯದ ಕುದುರೆಗೆ ತಾಯಿ ತಂದೆಯರ ವಂಶಾವಳಿ ಬರಹದಲ್ಲಿರುತ್ತದೆ. ಅದನ್ನು ನೋಡಿ ಬೆಲೆ ಕಟ್ಟುತ್ತಾರೆ. ನಟನಿಗೆ ಅಂಥ ದಾಖಲೆಯೆಲ್ಲಿ? ಅವನ ಬೆಲೆಯನ್ನು ಕಟ್ಟುವ ಕೆಲಸ ತಾಲ್ಲೂಕಿನ ಹಳ್ಳಿಹಳ್ಳಿಯ ಕಟ್ಟೆಗಳ ಮೇಲೆ ನಡೆಯುತ್ತದೆ.

ಸುಗ್ಗಿ ಮುಗಿದು ಜಾತ್ರೆಗಳು ಹತ್ತಿರವಾಗುವ ಹೊತ್ತಿಗೆ ಊರಿನವರು ಸೇರಿ ನಾಟಕ ಆಡುವುದೆಂದು ನಿಶ್ಚಯಿಸುತ್ತಾರೆ. ನಾಟಕ ಹೆಚ್ಚಾಗಿ ‘ಕುರುಕ್ಷೇತ್ರ’ವೇ. ಅದಕ್ಕೆ ಬೇರೆ ಬೇರೆ ಪಾಠಗಳುಂಟು. ಖರ್ಚು ಮಾತ್ರ ಎಲ್ಲಕ್ಕೂ ಒಂದೇ ಬಗೆಯದು: ಮೇಷ್ಟ್ರ ಸಂಭಾವನೆ, ಸೀನರಿಯ ಬಾಡಿಗೆ, ನಟಿಯರ ಕೂಲಿ, ದೀಪ, ಧ್ವನಿವರ್ಧಕ. ಈ ಹಣವನ್ನು ಪಾತ್ರಗಳ ಮೇಲೆ ಹಂಚುವುದು ರೂಢಿ. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. ಕೃಷ್ಣ, ಭೀಮ, ಅರ್ಜುನ, ಕರ್ಣರಿಗೆ ಅದರ ಆಸುಪಾಸು. ವಿದುರ, ಸಂಜಯರಿಗೆ ಕಡಿಮೆ. ಆಸೆಯುಳ್ಳವರು ಹೆಚ್ಚಾದರೆ ಒಂದೇ ಪಾತ್ರವನ್ನು ಒಡೆದು ಒಂದನೆಯ ದುರ್ಯೋಧನ, ಎರಡನೆಯ ದುರ್ಯೋಧನರೆಂದು ದೃಶ್ಯಗಳನ್ನು ಹಂಚುವುದೂ ಉಂಟು. ಸಭಾಪರ್ವದಲ್ಲಿ ಕುಳ್ಳಗಿದ್ದ ಕೃಷ್ಣನು ಸಂಧಾನಕ್ಕೆ ಹೋಗುವಾಗ ಒಂದು ಮೊಳ ಬೆಳೆದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ.

ಆಕ್ಷೇಪವೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ. ಪಾತ್ರ ಹಂಚುವ ಸಂಜೆ ಕಟ್ಟೆಯ ಮೇಲೆ ಕೇಳಿಬರುವ ಮಾತಿನ ಧಾಟಿ ಹೀಗಿರುತ್ತದೆ:

“ದುಡ್ಡು ಕೊಟ್ಟೋನಿಗೇ ಪಾರ್ಟು ಅಂದ್ರೆ ಕಂಠ ಇರೋನು ಎಲ್ಲಿಗ್ ಹೋಗ್ಬೇಕು ಗೌಡ್ರೆ?”

“ಕಂಠ ಇರೋನು ಸೀನ್ರಿ ಬಾಡಿಗೆ ಕಟ್ತಾನೇನಪ್ಪಾ?”

“ಹೋದ್ವರ್ಷ ಕರ್ಣನ್ ಮಾಡಿದ್ನಲ್ಲ, ಅವ್ನು ಈ ಸಲ ಪಕ್ಕದೂರಿನ ಸೆಟ್ಟಿಗೆ ಹೋದ್ನಂತೆ. ಅಲ್ಲಿ ಭೀಮನ್ ಪಾರ್ಟು ಕೊಟ್ಟವ್ರಂತೆ.”

“ಹೋಗ್ಲಿ ಬಿಡಣ್ಣ. ಅವ್ನ ತಮ್ಮ ಇಲ್ವಾ? ಎತ್ತರದ್ ಶ್ರುತೀಲಿ ಹಾಡ್ತಾನೆ. ಒಂದು ಸಲ ನಿಲ್ಸಿ ನೋಡಾಣ.”

ಹಣಕ್ಕೆ ಪಾತ್ರ ಮಾರುವುದು ಕಲೆಗೆ ಬಗೆದ ದ್ರೋಹವೆಂದು ಪಂಡಿತರು ಹೇಳುವುದುಂಟು. ಅದು ನಿರಾಧಾರವಾದ ಮಾತಲ್ಲ. ಶ್ರುತಿಗೆ ಸೇರದ ದುರ್ಯೋಧನನು ಹತ್ತು ಪದ್ಯ ಹಾಡಿದರೆ ಹನ್ನೊಂದನೆಯದಕ್ಕೆ ಅರ್ಧ ಸಭೆ ನಿದ್ದೆ ಹೋಗಿರುತ್ತದೆ. ಆದರೆ ಇನ್ನೊಂದು ಪಕ್ಷವೂ ಇದೆ. ಕಂಪನಿಯ ಕಾಲದಲ್ಲಿ ಹಳ್ಳಿಗನು ನೆಲದ ಟಿಕೆಟ್ಟಿನವನಾಗಿಯೇ ಉಳಿದಿದ್ದ. ರಂಗದ ಮೇಲಕ್ಕೆ ಏರುವ ದಾರಿ ಅವನಿಗಿರಲಿಲ್ಲ. ಇಂದು ವರ್ಷವೆಲ್ಲ ಕೂಡಿಟ್ಟ ಹಣದಿಂದ ಒಂದು ರಾತ್ರಿಯ ಮಟ್ಟಿಗಾದರೂ ಕಿರೀಟವನ್ನು ಧರಿಸುವನು. ಆ ಆಸೆಯನ್ನು ಹಗುರವಾಗಿ ಕಾಣುವುದು ತರವಲ್ಲ. ಅವನಿಲ್ಲದಿದ್ದರೆ ಮೇಷ್ಟ್ರಿಗೂ ನಟಿಗೂ ಸೀನರಿಯವನಿಗೂ ಕೆಲಸವಿಲ್ಲ, ನಾಟಕವೂ ಇಲ್ಲ.

ಜಾಣನಾದ ಮೇಷ್ಟ್ರು ಈ ಎರಡರ ನಡುವೆ ದಾರಿ ಹುಡುಕುತ್ತಾನೆ. ಹಣವಂತನಿಗೆ ಒಡ್ಡೋಲಗದ ದೃಶ್ಯವನ್ನು ಕೊಟ್ಟು, ಹಾಡು ಬಲ್ಲ ಬಡ ಹುಡುಗನಿಗೆ ಎರಡನೆಯ ಭಾಗವನ್ನು ಉಳಿಸುತ್ತಾನೆ. ಭೀಮನಾಗಬೇಕೆಂದು ಹಟ ಹಿಡಿದ ಬಡಕಲು ಆಸಾಮಿಗೆ ಶಕುನಿಯ ಸೊಗಸನ್ನು ಬಣ್ಣಿಸಿ ಒಪ್ಪಿಸುತ್ತಾನೆ. ಮೂರು ವರ್ಷ ಸೈನಿಕನಾಗಿ ಈಟಿ ಹಿಡಿದು ನಿಂತವನನ್ನು ಅಭಿಮನ್ಯುವಾಗಿಸಿ, ಅವನ ಪಾಲಿನ ಹಣವನ್ನು ಊರವರಿಂದ ಎತ್ತಿಸುವುದೂ ಉಂಟು. ಗುಬ್ಬಿಯ ಒಡೆಯನು ದೊಡ್ಡ ಪ್ರಮಾಣದಲ್ಲಿ ಮಾಡಿದ ಕೆಲಸವನ್ನೇ ಈತ ಜಗುಲಿಯ ಮೇಲೆ ಕುಳಿತು ಮಾಡುತ್ತಾನೆ. ಆಟದ ಏಳುಬೀಳು ನಿಂತಿರುವುದು ಈ ಕಣ್ಣಿನ ಮೇಲೆ. ಅದು ತಪ್ಪಿದರೆ ಎಷ್ಟು ಹಣ ಸುರಿದರೂ ಆಟ ಮೇಲೇಳದು. ಅದು ಸರಿಯಾಗಿದ್ದರೆ ಒಬ್ಬ ಕರ್ಣ ಪಕ್ಕದೂರಿಗೆ ಹೋದನೆಂದು ಕುರುಕ್ಷೇತ್ರವೇನೂ ನಿಲ್ಲದು.

ರಾತ್ರಿ ಹತ್ತರ ಸುಮಾರಿಗೆ ಆರಂಭವಾದ ಆಟದಲ್ಲಿ ಭೀಮನು ಕೌರವನ ತೊಡೆಯನ್ನು ಮುರಿಯುವ ವೇಳೆಗೆ ಮೂಡಣ ದಿಕ್ಕು ಕೆಂಪೇರಿರುತ್ತದೆ. ಕಂಬಳಿ ಹೊದ್ದ ಮುದುಕರು ಎದ್ದು ಮೈಮುರಿಯುತ್ತಾರೆ. ಹೆಂಗಸರು ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹಾಲು ಕರೆಯುವ ಹೊತ್ತಾಯಿತೆಂದು ಹೊರಡುತ್ತಾರೆ. ಕೂಲಿಯ ದ್ರೌಪದಿ ಬಣ್ಣ ಒರೆಸಿಕೊಂಡು ಮೊದಲ ಬಸ್ಸನ್ನು ಕಾಯುತ್ತಾಳೆ. ಆ ದಿನದ ರಾತ್ರಿ ಇನ್ನೊಂದೂರಿನಲ್ಲಿ ಅವಳ ಮುಡಿಯನ್ನು ಮತ್ತೊಬ್ಬ ದುಶ್ಶಾಸನ ಹಿಡಿಯಬೇಕಾಗಿದೆ. ಮುಖದ ಅರ್ಧ ಬಣ್ಣ ಇನ್ನೂ ಹೋಗದ ಕೌರವನು ಕೊಟ್ಟಿಗೆಯ ಕಡೆ ನಡೆಯುವಾಗ ಹಿಂದಿನಿಂದ ಯಾರೋ ಕೂಗಿ, ಮುಂದಿನ ವರ್ಷದ ದುರ್ಯೋಧನನಿಗೆ ಈಗಲೇ ಹೆಸರು ಬರೆಸುತ್ತೀಯೋ ಹೇಗೆ ಎಂದು ಕೇಳುತ್ತಾರೆ. ಮೇಷ್ಟ್ರ ಕೈಯಲ್ಲಿ ಪುಸ್ತಕ ಆಗಲೇ ತೆರೆದಿರುತ್ತದೆ.